79ರ ಹತ್ತಿರ ನಿಂತ ಕಾಲು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಪಿಎಚ್‌ಡಿಯಿಂದ ಇವತ್ತಿನವರೆಗೂ ಜನ ನಡೆಯೋದನ್ನೇ ಅಳೆಯುತ್ತಾ ಕೂತಿದ್ದೀಯಲ್ಲ, ಬೇಸರ ಆಗಲ್ವಾ ಅಂದೆ.

ನಮ್ಮ ಲ್ಯಾಬಿನ ನೆಲಕ್ಕೆ 3 ಮೀಟರ್ ಉದ್ದದ ಟೇಪ್ ಅಂಟಿಸಿದ್ದೇವೆ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಅದರ ಮೇಲೆ ನಡೆಯಬೇಕು. ಕಳೆದ ತಿಂಗಳು ಒಬ್ಬಳು ಫುಟ್‌ಬಾಲ್ ಆಟಗಾರ್ತಿ ಬಂದಿದ್ದಳು. ತಲೆಗೆ ಪೆಟ್ಟು ಬಿದ್ದು ಹತ್ತು ದಿನ ಆಗಿತ್ತು. ಸ್ಕ್ಯಾನ್ ನಾರ್ಮಲ್. ‘ಚೆನ್ನಾಗಿದ್ದೀನಿ, ಆಡೋಕೆ ಬಿಡಿ’ ಅಂತ ಒಂದೇ ಹಟ. ಸುಮ್ನೆ ನಡಿ ಅಂದಾಗ ಸಲೀಸಾಗಿ ನಡೆದಳು. ಈಗ 100ರಿಂದ ಏಳೇಳು ಕಳೆಯುತ್ತಾ ನಡಿ ಅಂದೆ. 93, 86... ಎತ್ತಿದ ಕಾಲು ಅಲ್ಲೇ ನಿಂತಿತು. 79 ಬಾಯಿಗೆ ಬಂದ ಮೇಲೇ ಹೆಜ್ಜೆ ಕೆಳಗಿಳಿಯಿತು. ತಲೆ ಎತ್ತಿ ನನ್ನನ್ನು ನೋಡಿದಳು. ಮಿದುಳು ಇನ್ನೂ ಪೂರ್ತಿ ಸರಿಹೋಗಿಲ್ಲ ಅಂತ ಅವಳಿಗೂ ಗೊತ್ತಾಗಿತ್ತು.

ಪೆಟ್ಟು ಬೀಳದವರೂ ಲೆಕ್ಕ ಮಾಡುವಾಗ ನಿಧಾನ ಆಗ್ತಾರೆ, ನಿಜ. ಅದಕ್ಕೇ ಸೀಸನ್ ಶುರುವಾಗುವ ಮೊದಲೇ ಅವಳ ನಡಿಗೆ ಅಳೆದಿಟ್ಟಿದ್ದೆವು. ಆಗ ಕಾಲು ನಿಂತಿರಲಿಲ್ಲ.

ಸಿಟಿ ಸ್ಕ್ಯಾನ್ ಹುಡುಕೋದು ರಕ್ತಸ್ರಾವ, ಮೂಳೆ ಮುರಿತ. ಕನ್‌ಕಷನ್‌ನಲ್ಲಿ, ಅಂದರೆ ಪೆಟ್ಟಿನಿಂದ ಮಿದುಳಿನ ಕೆಲಸ ಏರುಪೇರಾದಾಗ, ಸಾಮಾನ್ಯವಾಗಿ ಎರಡೂ ಇರಲ್ಲ. ತಲೆ ಜೋರಾಗಿ ಅಲುಗಿದಾಗ ಮಿದುಳಿನ ನರದ ಎಳೆಗಳು ಜಗ್ಗುತ್ತವೆ. ಕೋಶದೊಳಗಿನ ಪೊಟ್ಯಾಶಿಯಂ ಹೊರಗೆ ಸೋರುತ್ತೆ, ಕ್ಯಾಲ್ಶಿಯಂ ಒಳಗೆ ನುಗ್ಗುತ್ತೆ. ಅದನ್ನು ಸರಿಮಾಡೋಕೆ ಮಿದುಳಿಗೆ ಶಕ್ತಿ ಜಾಸ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತೆ. ಇದು ಫೋಟೋದಲ್ಲಿ ಎಲ್ಲಿ ಕಾಣಬೇಕು?

2019ರ ಲಾರ್ಡ್ಸ್ ಟೆಸ್ಟ್ ನೆನಪಿದೆಯಾ? ಇಂಗ್ಲೆಂಡಿನ ಬೌಲರ್ ಆರ್ಚರ್ ಎಸೆದ ಚೆಂಡು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಪರೀಕ್ಷೆ ಪಾಸಾಗಿ ಮತ್ತೆ ಬ್ಯಾಟಿಂಗಿಗೂ ಬಂದರು. ಮರುದಿನ ಬೆಳಿಗ್ಗೆ ಏಳುವಾಗ ತಲೆನೋವು. ಅವರ ಬದಲಿಗೆ ಲಾಬುಶೇನ್ ಆಡಿದರು. ಟೆಸ್ಟ್ ಕ್ರಿಕೆಟ್‌ನಲ್ಲಿ ಕನ್‌ಕಷನ್ ಆದವರ ಜಾಗಕ್ಕೆ ಬದಲಿ ಆಟಗಾರ ಬಂದದ್ದು ಅದೇ ಮೊದಲು. ಪೆಟ್ಟಿನ ಲಕ್ಷಣ ಹೀಗೆ ತಡವಾಗಿಯೂ ಬರುತ್ತೆ.

ಗ್ರಾಂಟ್ ಸಿಗದೆ ಕಳೆದ ವರ್ಷಗಳ ಕಥೆ ನಿನಗೆ ಗೊತ್ತೇ ಇದೆ. ಅದಕ್ಕಿಂತ ನನ್ನನ್ನು ಕಾಡೋದು ಬೇರೆ. ಲಕ್ಷಣ ಪೂರ್ತಿ ಹೋಗುವವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿರಿ ಅಂತ ಮೊದಮೊದಲು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಆಗ ಎಲ್ಲರೂ ಹೇಳುತ್ತಿದ್ದದ್ದು ಅದೇ. ಕ್ರೀಡೆಯಲ್ಲಾಗುವ ಕನ್‌ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಮ್ಮೇಳನದಿಂದ ಬಂದ ಸಲಹೆ ಬೇರೆ: ಒಂದೆರಡು ದಿನ ಹಗುರವಾಗಿರಿ, ಆಮೇಲೆ ಮೆಲ್ಲಗೆ ನಡೆಯೋಕೆ ಶುರುಮಾಡಿ. ನಡಿಗೆಯೇ ಔಷಧಿ ಆಗುತ್ತೆ ಅಂತ ನಡಿಗೆ ಓದಿದ ನನಗೇ ಆಗ ಹೊಳೆದಿರಲಿಲ್ಲ. ಆ ಮುಖಗಳು ಈಗಲೂ ನೆನಪಾಗುತ್ತವೆ.

ಆ ಹುಡುಗಿ ನಾಳೆ ಮತ್ತೆ ಬರ್ತಾಳೆ. ಟೇಪಿನ ಒಂದು ಅಂಚು ಎದ್ದಿದೆ, ಇವತ್ತೇ ಹೊಸದು ಅಂಟಿಸಬೇಕು.

ನಿನ್ನ ಗೆಳೆಯ