ಹೊಸ ಗುರ್ಕಾರನಿಗೊಂದು ಪತ್ರ

ಶಿರಸಿ

ಪ್ರೀತಿಯ ಗೆಳೆಯಾ,

ಇಗರ್ಜಿಯ (ಚರ್ಚಿನ) ನಿಮ್ಮ ವಾರ್ಡಿನವರು ನಿನ್ನನ್ನೇ ಗುರ್ಕಾರ, ಅಂದರೆ ವಾರ್ಡಿನ ಮುಖಂಡನನ್ನಾಗಿ ಮಾಡಿದ್ದು ಒಳ್ಳೆಯದಾಯಿತು. ಸಲಿಂಗಿಗಳನ್ನು, ಮಂಗಳಮುಖಿಯರನ್ನು ಇಗರ್ಜಿಯ ಬದುಕಿನೊಳಗೆ ಸೇರಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀಯ. ಅವರು ಎಲ್ಲಿಂದಲೋ ಹೊಸದಾಗಿ ಬರಬೇಕಾದವರಲ್ಲ ಮಾರಾಯಾ. ಕೊಯರ್‌ನಲ್ಲಿ ಹಾಡುತ್ತಿದ್ದಾರೆ, ಇಗರ್ಜಿಯ ಹಬ್ಬಕ್ಕೆ, ಅಂದರೆ ಫೆಸ್ತಿಗೆ, ಮಂಟಪ ಕಟ್ಟುತ್ತಾರೆ. ಗೋವಾದಲ್ಲೋ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ದುಡಿಯುವ ಕೆಲವರು ಕ್ರಿಸ್ಮಸ್ಸಿಗೆ ನಾಲ್ಕು ದಿನ ಬಂದು, "ಮದುವೆ ಯಾವಾಗ?" ಎಂಬ ಪ್ರಶ್ನೆಗೆ ಹೆದರಿ ಎರಡೇ ದಿನಕ್ಕೆ ಬಸ್ಸು ಹತ್ತುತ್ತಾರೆ. ನೀನು ನೋಡಬೇಕಾದದ್ದು ಅವರ ದಾರಿಗೆ ಅಡ್ಡ ನಿಂತಿರುವ ನಮ್ಮ ಪಟ್ಟಿ, ಕಾರ್ಡು, ಪಾಳಿ, ಬಾಯಿ ಇವುಗಳನ್ನು.

ಮೊದಲನೆಯದಾಗಿ, ಇಗರ್ಜಿಯ ಪಾಲನಾ ಮಂಡಳಿಯಲ್ಲಿ ಇದನ್ನು ಠರಾವಾಗಿ ತರಬೇಡ. ಧರ್ಮಸಭೆಯ ಕಾನೂನಿನ 536ನೇ ಕಲಮಿನ ಪ್ರಕಾರ ಮಂಡಳಿಗಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಠರಾವು ಅಂದಕೂಡಲೇ ಪರ-ವಿರೋಧದ ಎರಡು ಬಣ ಆಗುತ್ತವೆ. ಅಲ್ಲಿಯವರೆಗೆ ಏನೂ ಹೇಳದೆ ಇದ್ದವರೂ ಒಂದು ಕಡೆಗೆ ಸೇರಬೇಕಾಗುತ್ತದೆ. ಕೊನೆಗೆ ಯಾರ ಸಲುವಾಗಿ ಇದೆಲ್ಲ ಆಯಿತೋ ಅವರ ಹೆಸರು ಮೀನು ಮಾರ್ಕೆಟ್ಟಿನ ತನಕ ಹೋಗುತ್ತದೆ. ಫಾದರ್ ಹತ್ತಿರ ಒಬ್ಬನೇ ಕೂತು ಮಾತಾಡು, ಅಷ್ಟು ಸಾಕು.

ಮಾತಾಡುವಾಗ ಕೈಯಲ್ಲಿ ಏನಿರಬೇಕು ಅಂದರೆ, ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಮೂರೂ ಪರಿಚ್ಛೇದ. ಸಲಿಂಗಿಗಳನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಯಾವ ಗುರುತೂ ಇರಬಾರದು ಎಂದು 2358 ಹೇಳುತ್ತದೆ. ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ ಎಂದು 2357 ಹೇಳುತ್ತದೆ, ಬ್ರಹ್ಮಚರ್ಯಕ್ಕೆ ಕರೆಯುವುದು 2359. ನಿನ್ನ ವಿರೋಧಿಗಳು 2357ನ್ನು ಮಾತ್ರ ಓದುತ್ತಾರೆ, ನಿನ್ನ ಪರದವರು 2358ನ್ನು ಮಾತ್ರ. ಮೂರನ್ನೂ ಬಲ್ಲವನ ಮಾತಿಗೆ ಫಾದರ್ ಬೆಲೆ ಕೊಡುತ್ತಾರೆ. ಇಗರ್ಜಿ ಕೊಡಲಾರದ್ದನ್ನು ಕೊಡುತ್ತದೆ ಎಂದು ಯಾರಿಗೂ ಆಸೆ ಹಚ್ಚಬೇಡ, ಅದಕ್ಕಿಂತ ದೊಡ್ಡ ಮೋಸವಿಲ್ಲ. ಹಾಗೆಯೇ, ಕೊಡಬಹುದಾದ್ದನ್ನು "ಆಗುವುದಿಲ್ಲ" ಎಂದು ಬಾಗಿಲಲ್ಲೇ ತಡೆಯುವ ಹಕ್ಕು ಗುರ್ಕಾರನಿಗೂ ಇಲ್ಲ, ಇಗರ್ಜಿಯ ಕೆಲಸ ನೋಡುವ ಕಪ್ಯಾರನಿಗೂ ಇಲ್ಲ.

ಇನ್ನು ಕೆಲಸಕ್ಕೆ ಬಾ. ಕುಟುಂಬ ಕಾರ್ಡಿನಿಂದ ಶುರುಮಾಡು. ಹಳೆಯ ನಮೂನೆಯಲ್ಲಿ ಮನೆ ಯಜಮಾನ, ಹೆಂಡತಿ, ಮಕ್ಕಳು ಎಂದು ಮೂರು ಸಾಲು. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ನರ್ಸ್, ಒಟ್ಟಿಗೆ ಮನೆ ಮಾಡಿರುವ ಇಬ್ಬರು ಹೆಂಗಸರು, ತಾಯಿಯನ್ನು ನೋಡಿಕೊಂಡು ಉಳಿದ ಐವತ್ತರ ಗಂಡಸು, ಇವರಿಗೆ ಆ ಕಾರ್ಡಿನಲ್ಲಿ ಜಾಗವೇ ಇಲ್ಲ. ಆದ್ದರಿಂದ ಕಾರ್ಡಿಲ್ಲ. ಕಾರ್ಡಿಲ್ಲದ್ದಕ್ಕೆ ವಂತಿಗೆ ಪುಸ್ತಕದಲ್ಲಿ ಹೆಸರಿಲ್ಲ, ವಾರ್ಡಿನ ಪಾಳಿಯಲ್ಲಿಲ್ಲ, ಕಾಯಿಲೆ ಬಿದ್ದರೆ ಫಾದರಿಗೆ ತಿಳಿಸುವವರಿಲ್ಲ. ಹೊಸ ನಮೂನೆಯಲ್ಲಿ "ಈ ಮನೆಯಲ್ಲಿ ಇರುವವರು" ಎಂದು ಒಂದೇ ಶೀರ್ಷಿಕೆ ಸಾಕು. ಅದರ ಕೆಳಗೆ ಹೆಸರು, ಹುಟ್ಟಿದ ದಿನ, ಪಡೆದ ಸಂಸ್ಕಾರಗಳು, ತುರ್ತಿಗೆ ಯಾರಿಗೆ ಫೋನು ಮಾಡಬೇಕು. ಸಂಬಂಧದ ಅಂಕಣವನ್ನು ಬೇಕಾದವರು ತುಂಬಲಿ, ಬೇಡದವರು ಬಿಡಲಿ. ವಿಧವೆಯರಿಗೂ, ಗಂಡ ಬಿಟ್ಟವರಿಗೂ, ಮಗಳ ಮನೆಯಲ್ಲಿರುವ ಅಜ್ಜಿಗೂ ಇದೇ ನಮೂನೆ ಅನುಕೂಲ. ಹಾಗಾಗಿ ಇದಕ್ಕೆ ಎದುರು ಮಾತೂ ಬರುವುದು ಕಡಿಮೆ. ಮಂಗಳಮುಖಿಯರ ವಿಷಯದಲ್ಲಿ ಒಂದು ಜಾಗ್ರತೆ: ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ಪುಸ್ತಕದ ಹೆಸರನ್ನು ನೀನು ತಿದ್ದಲಾಗದು, ಅದು ಬಿಷಪರ ಕಚೇರಿಯ ಮಟ್ಟದ ಮಾತು. ಆದರೆ ವಾರ್ಡಿನ ಕಾರ್ಡಿನಲ್ಲಿ, ಚೀಟಿಯಲ್ಲಿ, ಬಾಯಲ್ಲಿ ಅವರು ಹೇಳಿದ ಹೆಸರೇ ಇರಲಿ.

ತಿಂಗಳ ವಾರ್ಡ್ ಸಭೆ ಎಲ್ಲಕ್ಕಿಂತ ಮುಖ್ಯ, ಕೆಡುವುದೂ ಅಲ್ಲೇ ಹೆಚ್ಚು. ಸುವಾರ್ತೆ ಹಂಚಿಕೆಯ ಏಳು ಮೆಟ್ಟಿಲು ನಿನಗೆ ಗೊತ್ತಿದೆ: ಪ್ರಭುವನ್ನು ಕರೆಯುವುದು, ಓದುವುದು, ಮನಸ್ಸಿಗೆ ತಟ್ಟಿದ ಮಾತನ್ನು ಮೂರು ಸಲ ಹೇಳುವುದು, ಮೌನ, ಹಂಚಿಕೊಳ್ಳುವುದು, ಕೆಲಸ ನಿಶ್ಚಯಿಸುವುದು, ಪ್ರಾರ್ಥನೆ. ಐದನೆಯದರ ನಿಯಮ ಏನು? ಪ್ರತಿಯೊಬ್ಬರೂ ತಮ್ಮ ಬಗ್ಗೆ ಮಾತ್ರ ಹೇಳಬೇಕು. ಉಪದೇಶ ಇಲ್ಲ, ಚರ್ಚೆ ಇಲ್ಲ, ಇನ್ನೊಬ್ಬರ ಮಾತಿಗೆ ಉತ್ತರ ಇಲ್ಲ. ಇದನ್ನು ಯಾರೂ ಪಾಲಿಸುವುದಿಲ್ಲ. ನಾಲ್ಕನೇ ಮೆಟ್ಟಿಲಿನ ಮೌನವನ್ನು ಅರ್ಧ ನಿಮಿಷಕ್ಕೆ ಮುಗಿಸಿ, ಐದನೆಯದರಲ್ಲಿ ಒಬ್ಬ ಹಿರಿಯರು "ಈಗಿನ ಹುಡುಗರು" ಎಂದು ಆರಂಭಿಸುತ್ತಾರೆ. ಅಲ್ಲಿಂದ ಟಿವಿ, ಮೊಬೈಲು, ಕೊನೆಗೆ ಆಚೆ ಮನೆಯ ಹುಡುಗನ ನಡಿಗೆ. ಆ ಹುಡುಗನ ಅಮ್ಮ ಅಲ್ಲೇ ಕೂತಿರುತ್ತಾಳೆ. ಮುಂದಿನ ತಿಂಗಳಿಂದ ಆ ಮನೆಯವರು ಸಭೆಗೆ ಬರುವುದಿಲ್ಲ, ಕೇಳಿದರೆ ಮೊಣಕಾಲು ನೋವು ಅನ್ನುತ್ತಾರೆ.

ನೀನು ಮಾಡಬೇಕಾದ್ದು ಇಷ್ಟು. ಮೌನಕ್ಕೆ ಗಡಿಯಾರ ನೋಡಿ ಪೂರ್ತಿ ಮೂರು ನಿಮಿಷ ಕೊಡು. ಐದನೇ ಮೆಟ್ಟಿಲಿಗೆ ಮುಂಚೆ ನಿಯಮವನ್ನು ಪ್ರತಿ ಸಲವೂ ಗಟ್ಟಿಯಾಗಿ ಓದಿಸು, ಒಬ್ಬ ಚಿಕ್ಕ ಹುಡುಗಿಯ ಕೈಯಲ್ಲಿ ಓದಿಸಿದರೆ ಹಿರಿಯರಿಗೆ ಸಿಟ್ಟು ಬರುವುದಿಲ್ಲ. ಯಾರಾದರೂ ಮೂರನೆಯವರ ಮಾತೆತ್ತಿದರೆ ವಾದಕ್ಕಿಳಿಯಬೇಡ, "ಅಂಕಲ್, ಈ ವಾಕ್ಯ ನಿಮಗೆ ಏನು ಹೇಳಿತು?" ಎಂದು ಕೇಳು. ಆರನೇ ಮೆಟ್ಟಿಲಿನಲ್ಲಿ ಕೆಲಸ ಹಂಚುವಾಗ ದಂಪತಿಗೊಂದು ಕೆಲಸ ಅನ್ನದೆ ಹೆಸರಿಗೊಂದು ಕೆಲಸ ಕೊಡು: ಹಾಸಿಗೆ ಹಿಡಿದವರ ಮನೆಗೆ ಹೋಗುವುದು, ಭಾನುವಾರದ ವಾಚನ, ಹೂವು, ಲೆಕ್ಕ. ಒಂಟಿಯಾಗಿರುವವರಿಗೆ ಕುರ್ಚಿ ಜೋಡಿಸುವ ಕೆಲಸವನ್ನೇ ಪ್ರತಿ ಸಲ ಕೊಡುವ ಚಾಳಿ ನಮ್ಮ ಕಡೆ ಇದೆ, ಅದು ನಿಲ್ಲಲಿ. ಸಭೆ ಮನೆಮನೆ ತಿರುಗುವಾಗ ಬಾಡಿಗೆ ಕೋಣೆಯವರ ಪಾಳಿಯನ್ನು ತಪ್ಪಿಸಬೇಡ. ಹತ್ತು ಜನ ಹಿಡಿಸದಿದ್ದರೆ ಮಾಳಿಗೆಯಲ್ಲಿ ಕೂರಿ, ಚಹಾ ಅವರದೇ ಇರಲಿ.

ಇಂಥದ್ದನ್ನು ಶುರುಮಾಡಲು ಜೂನ್, ಜುಲೈ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ನಿಮ್ಮ ಕರಾವಳಿಯ ಕಡೆ ಗಂಡಸರು ಮನೆಯಲ್ಲಿರುತ್ತಾರೆ, ಸಭೆಗೆ ಜನ ಸೇರುತ್ತಾರೆ. ಘಟ್ಟದ ಮೇಲಿನ ನಮಗೆ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಜನವೂ ಇರುವುದಿಲ್ಲ, ಅದು ಬೇರೆ ಕತೆ.

ಆಮೇಲೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದು ಕಟ್ಟು ಕೊಡುವಾಗ ಕಾರ್ಡಿನ ಲೆಕ್ಕ ಹಿಡಿದರೆ ಕೆಲವರು ಬರಿಗೈಯಲ್ಲಿ ನಿಲ್ಲುತ್ತಾರೆ. ಬಾಗಿಲುಗಳನ್ನು ಲೆಕ್ಕ ಹಿಡಿ, ಅದರ ಮೇಲೆ ಹತ್ತು ಕಟ್ಟು ಹೆಚ್ಚು ಕಟ್ಟಿಸು. ಮನೆಮಂದಿಯೆಲ್ಲ ಸೇರಿ ಉಣ್ಣುವ ಹಬ್ಬ ಅದು. ಮನೆಯವರು ಹೊರಗೆ ಹಾಕಿದವರಿಗೆ ವರ್ಷದಲ್ಲಿ ಅತಿ ಕಷ್ಟದ ದಿನವೂ ಅದೇ. ವಾರ್ಡಿನಲ್ಲಿ ಎರಡು ಮನೆಯವರನ್ನು ಮೊದಲೇ ಮಾತಾಡಿಸಿ ಊಟಕ್ಕೆ ಕರೆಯಿಸು. ಕರೆಯುವುದು ಹಿಂದಿನ ವಾರವೇ ಆಗಬೇಕು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕರೆದರೆ ಅದು ಕನಿಕರದ ಹಾಗೆ ಕಾಣುತ್ತದೆ. ಡಿಸೆಂಬರ್ 3ರ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಫೆಸ್ತಿನಲ್ಲಿ ಎಲ್ಲ ಜಾತಿ-ಧರ್ಮದವರೂ ಸಾಲಿನಲ್ಲಿ ನಿಲ್ಲುತ್ತಾರೆ, ಯಾರ ಜೊತೆ ಬಂದೆ ಎಂದು ಯಾರೂ ಕೇಳುವುದಿಲ್ಲ. ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಇದು.

ಮಂಗಳಮುಖಿಯರ ಬಗ್ಗೆ ನಮ್ಮ ಜನರ ನಡತೆ ವಿಚಿತ್ರ. ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದಾಗಲೂ 2021ರಲ್ಲಿ ಪದ್ಮಶ್ರೀ ಪಡೆದಾಗಲೂ ಟಿವಿ ಮುಂದೆ ಚಪ್ಪಾಳೆ ತಟ್ಟಿದವರೇ, ಹಾಲ್‌ನಲ್ಲಿ ಪಕ್ಕದ ಕುರ್ಚಿಗೆ ಒಬ್ಬರು ಬಂದು ಕೂತರೆ ಗೋಡೆ ನೋಡುತ್ತಾರೆ. ಗಂಡಸರ ಕಡೆ, ಹೆಂಗಸರ ಕಡೆ ಎಂದು ಬೆಂಚು ಬೇರೆಯಿರುವ ಇಗರ್ಜಿಯಲ್ಲಿ ಸ್ವಯಂಸೇವಕರಿಗೆ ಹೇಳಿಡು: ಯಾರನ್ನೂ ಕೈ ತೋರಿಸಿ ಆಚೆ ಕಳಿಸಬಾರದು, ಅವರು ಕೂತಲ್ಲೇ ಅವರ ಜಾಗ. ಹಾಲ್‌ನ ಒಂದು ಶೌಚಾಲಯಕ್ಕೆ ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿ, ಬಾಗಿಲ ಮೇಲಿನ ಚಿತ್ರ ತೆಗೆಸಿದರೆ ಒಂದು ದಿನದ ಕೆಲಸ. ಬಂದವರು ಬೇರೆ ಧರ್ಮದವರಾಗಿದ್ದರೆ, ಊಟಕ್ಕೆ ಕರೆದದ್ದು ಊಟಕ್ಕೇ. ಅದರಲ್ಲಿ ಬೇರೆ ಲೆಕ್ಕ ಸೇರಿಸಬೇಡ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ, ಇದನ್ನು ಎರಡು ಸಲ ಓದು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಸಾಯುವವರೆಗೂ ಹೇಳುವಂತಿಲ್ಲ. ಗುರ್ಕಾರನಿಗೆ, ಧರ್ಮೋಪದೇಶದ ಟೀಚರಿಗೆ, ಆಫೀಸಿನ ಗುಮಾಸ್ತನಿಗೆ ಆ ಕಟ್ಟು ಇಲ್ಲ, ಸೋರುವುದು ಅಲ್ಲಿಂದಲೇ. ಆದರೆ ಧರ್ಮಸಭೆಯ ಕಾನೂನಿನ 220ನೇ ಕಲಮು ಪ್ರತಿಯೊಬ್ಬರ ಒಳ್ಳೆಯ ಹೆಸರು, ಖಾಸಗಿತನ ಎರಡನ್ನೂ ಕಾಯುತ್ತದೆ, ಅದು ನಿನಗೂ ಅನ್ವಯ. ಹದಿನಾರರ ಹುಡುಗನೊಬ್ಬ ತಾನು ಹೀಗೆ ಎಂದು ಹೇಳಿಕೊಂಡರೆ ಅವನ ಅಪ್ಪ-ಅಮ್ಮನಿಗೆ ಫೋನು ಮಾಡುವುದು ಮೊದಲ ಕೆಲಸವಲ್ಲ. ಮನೆಯಲ್ಲಿ ಯಾರಿಗೆ ಗೊತ್ತು, ಗೊತ್ತಾದರೆ ಏನಾಗಬಹುದು, ಹೊಡೆಯುತ್ತಾರಾ ಎಂದು ಅವನನ್ನೇ ಕೇಳು. ಪ್ರಾರ್ಥನೆಯ ಕೋರಿಕೆ ಎಂದು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಸಲ್ಲದು, ನಮ್ಮಲ್ಲಿ ಚಾಡಿಗೆ ಆ ಹೆಸರೂ ಇದೆ. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಮಾಡಿಬಿಡು. ಯಾರಾದರೂ ದೊಡ್ಡವರು ಅವನಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದರೆ ಮಾತ್ರ ಅದು ಗುಟ್ಟಾಗಿ ಇಡುವಂಥದ್ದಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098. ಇವೆರಡನ್ನು ಒಂದಕ್ಕೊಂದು ಬೆರೆಸಿ ಗೊಂದಲ ಮಾಡುವವರು ಬಹಳ.

"ಗುಣ" ಮಾಡಿಸುವ ಹುಚ್ಚಿಗೆ ಗಟ್ಟಿಯಾಗಿ ಅಡ್ಡ ನಿಲ್ಲು. ಹುಡುಗನನ್ನು ಉಪವಾಸ ಕೂರಿಸಿ ಧ್ಯಾನಕೂಟಕ್ಕೆ ಎಳೆದೊಯ್ಯುವುದು, ಬೇಗ ಒಂದು ಮದುವೆ ಮಾಡಿಬಿಡುವುದು, ಎರಡರಿಂದಲೂ ಬದಲಾಗುವುದು ಏನೂ ಇಲ್ಲ. ಮದುವೆಯಲ್ಲಿ ಹಾಳಾಗುವುದು ಇನ್ನೊಬ್ಬ ಹುಡುಗಿಯ ಬಾಳು ಕೂಡ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ "ಪರಿವರ್ತನಾ ಚಿಕಿತ್ಸೆ"ಯನ್ನು ವೈದ್ಯರ ದುರ್ನಡತೆ ಎಂದು ಹೇಳಿದೆ. ಒಂದು ಸಮುದಾಯದ ನೈತಿಕ, ಧಾರ್ಮಿಕ ನಂಬಿಕೆಗೆ ಹೊಂದದೆ ಇರುವುದನ್ನೇ ಮಾನಸಿಕ ರೋಗ ಎನ್ನುವಂತಿಲ್ಲ ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಮೂರನೇ ಕಲಮಿನಲ್ಲಿದೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ಒಪ್ಪಿತ ಸಂಬಂಧ ಅಪರಾಧವೂ ಅಲ್ಲ. ಹುಡುಗ ಊಟ ಬಿಟ್ಟಿದ್ದಾನೆ, ಸಾಯುವ ಮಾತಾಡುತ್ತಾನೆ ಅಂದರೆ ಕಾಯಬೇಡ: ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಎಂದು ಹಚ್ಚು, ಯಾರ ಸಲುವಾಗಿ ಎಂದು ಬರೆಯಬೇಡ.

ಸಂಸ್ಕಾರಗಳ ಬಗ್ಗೆ ಜನ ನಿನ್ನನ್ನೇ ಕೇಳುತ್ತಾರೆ, ಉತ್ತರ ಗೊತ್ತಿರಲಿ. ಇಗರ್ಜಿಯಲ್ಲಿ ಮದುವೆ ಗಂಡು-ಹೆಣ್ಣಿಗೆ ಮಾತ್ರ. ಸುಪ್ರೀಂ ಕೋರ್ಟೂ 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಅದೇ ವರ್ಷ ಡಿಸೆಂಬರ್ 18ರಂದು ಸಲಿಂಗ ಜೋಡಿಗೆ ವ್ಯಾಟಿಕನ್ ಒಪ್ಪಿದ್ದು ವಿಧಿಯಿಲ್ಲದ, ಪುಸ್ತಕವಿಲ್ಲದ, ಮದುವೆಯ ಉಡುಪು-ಸಮಾರಂಭ ಯಾವುದೂ ಇಲ್ಲದ ಸಣ್ಣ ಆಶೀರ್ವಾದವನ್ನು. ಹತ್ತು-ಹದಿನೈದು ಸೆಕೆಂಡಿನದು ಎಂದು ನಂತರದ ವಿವರಣೆಯಲ್ಲಿ ಅವರೇ ಹೇಳಿದರು. ಅದನ್ನು ಕೊಡುವುದು ಬಿಡುವುದು ಪಾದ್ರಿಯ ವಿವೇಚನೆ, ನೀನು ದಿನ ಗೊತ್ತುಮಾಡಿ ಚೀಟಿ ಹಂಚುವ ಹಾಗಿಲ್ಲ. ಮಂಗಳಮುಖಿಯರು ಜ್ಞಾನಸ್ನಾನ ಪಡೆಯಬಹುದು, ಮದುವೆಗೆ ಸಾಕ್ಷಿ ಹಾಕಬಹುದು, ಕೆಲವು ಷರತ್ತಿನ ಮೇಲೆ ಜ್ಞಾನತಂದೆ-ಜ್ಞಾನತಾಯಿ (ಗಾಡ್‌ಪೇರೆಂಟ್) ಆಗಬಹುದು ಎಂದು 2023ರ ನವೆಂಬರಿನಲ್ಲಿ ಪ್ರಕಟವಾದ ವ್ಯಾಟಿಕನ್ನಿನ ಉತ್ತರಗಳಲ್ಲಿದೆ. ಸಲಿಂಗ ಜೋಡಿ ಸಾಕುವ ಮಗುವಿಗೂ, ಕಥೋಲಿಕ ವಿಶ್ವಾಸದಲ್ಲಿ ಬೆಳೆಯುವ ಭರವಸೆ ಇದ್ದರೆ, ಜ್ಞಾನಸ್ನಾನ ಉಂಟು. ಮಗುವಿನ ತಪ್ಪೇನು? ಪೂಜೆಯಲ್ಲಿ ಪರಮಪ್ರಸಾದ (ಕಮ್ಯೂನಿಯನ್) ತೆಗೆದುಕೊಳ್ಳುವ ಸಾಲಿನಲ್ಲಿ ಯಾರು ನಿಲ್ಲಬೇಕು ಎಂದು ನೋಡುವ ಪೊಲೀಸ್ ಕೆಲಸ ನಿನ್ನದಲ್ಲ. ಅದು ಆ ವ್ಯಕ್ತಿಗೂ ಪಾಪನಿವೇದನೆ ಕೇಳುವ ಗುರುವಿಗೂ ಬಿಟ್ಟ ಮಾತು.

ಸಾವಿನ ಮನೆಯಲ್ಲಿ ಗುರ್ಕಾರನ ಮಾತು ನಡೆಯುತ್ತದೆ, ಅದಕ್ಕೇ ಇದನ್ನು ಬಿಡದೆ ಬರೆಯುತ್ತಿದ್ದೇನೆ. "ಇಂಥವರಿಗೆ ಇಗರ್ಜಿಯ ಮಣ್ಣಿಲ್ಲ" ಎಂದು ಯಾರಾದರೂ ಶುರುಮಾಡಿದರೆ ಧರ್ಮಸಭೆಯ ಕಾನೂನಿನ 1184ನೇ ಕಲಮು ತೋರಿಸು: ಅಂತ್ಯಕ್ರಿಯೆ ನಿರಾಕರಿಸುವ ಕಾರಣಗಳು ಅದರಲ್ಲಿ ಎಣಿಸಿದ ಕೆಲವೇ, ಸಂದೇಹ ಬಂದರೆ ತೀರ್ಮಾನ ಬಿಷಪರದು, ವಾರ್ಡಿನದಲ್ಲ. ಹೆಣ ಹೊರಡುವ ಮುಂಚೆ ಮನೆಯವರಲ್ಲಿ ಮೂರು ಸಂಗತಿ ಕೇಳಿಕೊ. ಸಾವಿನ ಪ್ರಕಟಣೆಯಲ್ಲಿ ಯಾವ ಹೆಸರು ಇರಬೇಕು, ಯಾವ ಬಟ್ಟೆ ಉಡಿಸಬೇಕು, ಪೆಟ್ಟಿಗೆಯ ಪಕ್ಕ ಯಾರು ಕೂರುತ್ತಾರೆ. ಹತ್ತಿಪ್ಪತ್ತು ವರ್ಷ ಜೊತೆಗಿದ್ದವರನ್ನು "ಫ್ರೆಂಡು" ಎಂದು ಹಿಂದಿನ ಬೆಂಚಿಗೆ ಕಳಿಸಿ, ಹತ್ತು ವರ್ಷ ಮಾತೇ ಬಿಟ್ಟಿದ್ದ ಅಣ್ಣನನ್ನು ಮುಂದೆ ಕೂರಿಸುವುದು ನಡೆಯುತ್ತದೆ. ಮನೆಯವರು ಒಪ್ಪದಿದ್ದರೆ ಜಗಳ ಮಾಡುವ ಹೊತ್ತಲ್ಲ ಅದು. ಆದರೆ ಮೊದಲ ಬೆಂಚಿನ ಕೊನೆಯಲ್ಲಿ ಒಂದು ಜಾಗವನ್ನು ನೀನೇ ಹಿಡಿದಿಟ್ಟು, ಆಮೇಲೆ ಅವರನ್ನು ಕರೆದು ಕೂರಿಸಿದರೆ ಸಾವಿನ ಮನೆಯಲ್ಲಿ ಯಾರೂ ಏಳಿಸುವುದಿಲ್ಲ. ಏಳನೇ ದಿನದ ಪೂಜೆಗೂ ತಿಂಗಳ ಪೂಜೆಗೂ ಅವರಿಗೆ ಬೇರೆಯಾಗಿ ಫೋನು ಮಾಡಿ ಹೇಳು, ಮನೆಯವರು ಹೇಳಿರುವುದಿಲ್ಲ.

ಕಾರ್ಡಿನ ನಮೂನೆ ಅಚ್ಚಿಗೆ ಕೊಡುವ ಮೊದಲು ಫಾದರಿಗೆ ತೋರಿಸು. ಮನೆಯವರಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ