ಅನುಮಾನ ಬಂದಲ್ಲಿ ನಿಲ್ಲು, ಮಗಳೇ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಹಗಲೂ ರಾತ್ರಿ ಕೂತು ಓದಿದರೂ ಏನೂ ತಲೆಗೆ ಹತ್ತುತ್ತಿಲ್ಲ ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ಇನ್ನಷ್ಟು ಹೊತ್ತು ಕೂರು ಎಂದು ನಾನಂತೂ ಹೇಳಲಾರೆ. ದುಡಿಮೆಯನ್ನು ಗಡಿಯಾರ ನೋಡಿ ಅಳೆಯಬಹುದು, ಶ್ರದ್ಧೆಯನ್ನು ಅಳೆಯಲಾಗದು. ಓದುತ್ತಾ ಓದುತ್ತಾ ಒಂದು ಕಡೆ ಮನಸ್ಸು ತಡವರಿಸುತ್ತದಲ್ಲ, ಆಗ ನಿಲ್ಲುತ್ತೀಯೋ ದಾಟಿಕೊಂಡು ಹೋಗುತ್ತೀಯೋ, ಅಲ್ಲಿ ಅದು ಗೊತ್ತಾಗುತ್ತದೆ.

ಮೂವತ್ತು ವರ್ಷ ಕರಡು ತಿದ್ದಿದವನು ನಾನು. ಕಣ್ಣು ಇರುವ ಅಕ್ಷರ ಬಿಟ್ಟು ಇರಬೇಕಾದ ಅಕ್ಷರವನ್ನೇ ಓದಿಬಿಡುತ್ತದೆ. ಅದಕ್ಕೇ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟುಕೊಂಡು ಬರುವುದು. ಒಂದು ಸಂಜೆ ಗಣಿತ ಪುಸ್ತಕದ ಉತ್ತರಗಳ ಪುಟ ನೋಡುತ್ತಿದ್ದೆ. ಒಂದು ಅಂಕಿಯ ಮೇಲೆ ಅನುಮಾನ ಬಂತು. ಜೊತೆಗಾರ ಎದ್ದು ಹೋಗಿದ್ದ, ನನಗೂ ಸುಸ್ತಾಗಿತ್ತು. ಬಿಟ್ಟುಬಿಟ್ಟೆ. ತಪ್ಪು ಹಾಗೇ ಅಚ್ಚಾಯಿತು. ಸರಿಯಾಗಿ ಲೆಕ್ಕ ಮಾಡಿದ ಯಾವುದೋ ಮಗು, ಉತ್ತರ ತಾಳೆಯಾಗದೆ, ತಪ್ಪು ತನ್ನದೇ ಎಂದುಕೊಂಡು ಅಳಿಸಿ ಅಳಿಸಿ ಬರೆದಿರಬೇಕು. ನಾನು ನೋಡಿಲ್ಲದ ಆ ಮಗು ಇಂದಿಗೂ ನನ್ನ ಕಣ್ಣ ಮುಂದೆ ಬರುತ್ತದೆ.

ನಿನ್ನ ಪಾಠದಲ್ಲಿ ಬರುವ ಖಗೋಳ ವಿಜ್ಞಾನಿ ಕೆಪ್ಲರ್‌ನನ್ನು ನೋಡು. ಮಂಗಳ ಗ್ರಹದ ದಾರಿಯನ್ನು ವೃತ್ತಕ್ಕೆ ಹೊಂದಿಸಲು ಒಂದೇ ಬಗೆಯ ಲೆಕ್ಕವನ್ನು ಕನಿಷ್ಠ 70 ಸಲ ಮಾಡಿದ. ಹೊಂದಿತು ಕೂಡ. ಆದರೆ ಬೇರೆ ವೀಕ್ಷಣೆಗಳಿಗೆ ಹಚ್ಚಿ ನೋಡಿದಾಗ, ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗದಷ್ಟು ವ್ಯತ್ಯಾಸ ಉಳಿಯಿತು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ವೀಕ್ಷಣೆಗಳು ಟೈಕೋ ಬ್ರಾಹೆಯವು. ದೂರದರ್ಶಕ ಇಲ್ಲದ ಕಾಲದಲ್ಲಿ, ವರ್ಷಾನುಗಟ್ಟಲೆ ಬರಿಗಣ್ಣಿನಿಂದ ಆಕಾಶ ಅಳೆದವನವು. ಅವನ ಕೈ ಅಷ್ಟು ತಪ್ಪಲಾರದು ಎಂದು ಕೆಪ್ಲರ್‌ಗೆ ಗೊತ್ತಿತ್ತು. ತನ್ನ ಲೆಕ್ಕವನ್ನೇ ಕೈಬಿಟ್ಟು ಮತ್ತೆ ಮೊದಲಿಂದ ಹೊರಟ. ಮಂಗಳ ಸುತ್ತುವುದು ದೀರ್ಘವೃತ್ತದಲ್ಲಿ ಎಂಬುದು 1609ರಲ್ಲಿ ಅಚ್ಚಾಗಿ ಹೊರಬಂತು. ತೀರಿಹೋದ ಒಬ್ಬನ ಶ್ರದ್ಧೆಯನ್ನು ನಂಬಿ ಇನ್ನೊಬ್ಬ ತನ್ನ ವರ್ಷಗಳ ಶ್ರಮವನ್ನೇ ಬದಿಗಿಟ್ಟನಲ್ಲ, ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಾಳೆಯಿಂದ ಅರ್ಥವಾಗದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಗೀಟು ಹಾಕು. ಮಲಗುವ ಮುಂಚೆ ಒಂದು ಗೀಟನ್ನಾದರೂ ಅಳಿಸು. ಅಳಿಸಲಾಗದ್ದನ್ನು ನನಗೆ ಬರೆದು ಕಳಿಸು, ಇಬ್ಬರೂ ಸೇರಿ ನೋಡೋಣ. ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡ, ತಾಯಿ.

ಇತಿ,
ನಿನ್ನ ದೊಡ್ಡಪ್ಪ