ಆ ಹುಡುಗನ ಎಡಗೈ

ಮಗಳೇ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನೀನು ಹೇಳಿದ್ದು ಎರಡು ಮೂರು ಮಾತು ಅಷ್ಟೇ. ನೀನು ಡಾಕ್ಟರಾಗಿರುವ ವಾರ್ಡಿಗೆ ಬಂದ ಎರಡು ವರ್ಷದ ಕೂಸು. ಎರಡೂ ಕಾಲು ಸುಟ್ಟಿವೆ, ಕಾಲುಚೀಲ ಹಾಕಿದ ಹಾಗೆ, ಒಂದೇ ಮಟ್ಟಕ್ಕೆ. ಆಮೇಲೆ ಕೇಳಿದೆ: "ಅವ್ವ, ನನಗ ಅಳುನ ಬರಲಿಲ್ಲ. ಯಾಕ ಬರಲಿಲ್ಲ?" ನಾನು "ಉಂಡು ಮಲಗವ್ವ" ಅಂದುಬಿಟ್ಟೆ. ಮೂವತ್ತೆರಡು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ನಿನಗೆ ಅದಕ್ಕಿಂತ ಒಳ್ಳೆಯ ಉತ್ತರ ಕೊಡಬೇಕಿತ್ತು. ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೂಸಿನ ಹೆಸರು, ಊರು ನೀನು ಹೇಳಲಿಲ್ಲ. ಅದು ಸರಿ. ನನಗೂ ಹೇಳಬೇಡ. ಸಿಡಿದ ಗುರುತು ಒಂದೂ ಇಲ್ಲ ಅಂದೆಯಲ್ಲ, ಅಷ್ಟಕ್ಕೇ ನನಗೆ ಎಲ್ಲ ಗೊತ್ತಾಯಿತು. ಬಿಸಿನೀರಿನಲ್ಲಿ ತಾನಾಗೇ ಕಾಲಿಟ್ಟ ಕೂಸು ಚಟ್ಟನೆ ಕಾಲು ಎಳೆದುಕೊಳ್ಳುತ್ತದೆ, ಒದರಾಡುತ್ತದೆ, ನೀರು ಅಲ್ಲಲ್ಲಿ ಸಿಡಿದಿರುತ್ತದೆ. ಗೆರೆ ಎಳೆದಂತೆ ಸುಡಬೇಕಾದರೆ ಯಾರೋ ಹಿಡಿದಿರಬೇಕು.

ಅಳು ಆ ಹೊತ್ತಿಗೆ ಬರುವುದಿಲ್ಲ ಮಗಳೇ. ಆಗ ಕೈಗೆ ಕೆಲಸ ಇರುತ್ತದೆ. ತೂಕ ನೋಡಬೇಕು, ಸಲೈನ್ ಹಚ್ಚಬೇಕು, ಎಷ್ಟು ಸುಟ್ಟಿದೆ ಅಂತ ಲೆಕ್ಕ ಹಾಕಬೇಕು. ನನಗೂ ಬಂದಿರಲಿಲ್ಲ. ನನಗೆ ಬಂದದ್ದು ಮೂರು ವಾರ ಬಿಟ್ಟು, ಸಂತೆಯಲ್ಲಿ ಮೆಂತೆ ಪಲ್ಲೆ ಆರಿಸುವಾಗ. ಮಾರುವ ಹೆಣ್ಣುಮಗಳು ಗಾಬರಿಯಾಗಿ "ಯಾಕ್ರಿ ಅಕ್ಕಾರ?" ಅಂದಳು. "ಕಣ್ಣಾಗ ಧೂಳ ಬಿತ್ತವ್ವ" ಅಂತ ಹೇಳಿ ಎದ್ದು ಬಂದೆ.

ಅದು 2003. ನಿನಗೆ ಐದು ವರ್ಷ. ನಾನಾಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಒಂದು ರಾತ್ರಿ ನಿನ್ನದೇ ವಯಸ್ಸಿನ ಹುಡುಗನನ್ನು ಎತ್ತಿಕೊಂಡು ಬಂದರು. ಎಡಗೈ ಮುರಿದಿತ್ತು. "ಕಟ್ಟಿ ಮ್ಯಾಲಿಂದ ಬಿದ್ದಾನ್ರಿ" ಅಂದರು. ಎಕ್ಸ್‌ರೇ ಬೆಳಕಿಗೆ ಹಿಡಿದರೆ ಕೆಳಗೆ ಹೊಸ ಮುರಿತ. ಸ್ವಲ್ಪ ಮೇಲೆ ಇನ್ನೊಂದು, ಹಳೆಯದು, ಯಾರೂ ಕಟ್ಟದೆ ತಾನಾಗೇ ಸೊಟ್ಟಗೆ ಕೂಡಿಕೊಂಡದ್ದು. ಡಾಕ್ಟರು ನೋಡಿದರು. ನಾನೂ ನೋಡಿದೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೇಸ್ ಪೇಪರಿನ ಮೇಲೆ "ಬಿದ್ದ ಪೆಟ್ಟು" ಅಂತ ಬರೆದದ್ದಾಯಿತು. ನಾನು ತುಟಿ ಬಿಚ್ಚಲಿಲ್ಲ.

ಎಲುಬು ಕೂಡಿಸಿ ಎಳೆಯುವಾಗ ಆ ಹುಡುಗ ಅಳಲಿಲ್ಲ. ಅಳದ ಮಕ್ಕಳನ್ನು ಕಂಡರೆ ನನಗೆ ಈಗಲೂ ಹೆದರಿಕೆ.

ಮರುದಿನ ಮುಂಜಾನೆ ಹಾಲು, ಬ್ರೆಡ್ಡು ಕೊಡಲು ಹೋದೆ. ಅವನು ಚಮಚದಿಂದ ಪ್ಲಾಸ್ಟರ್ ಮೇಲೆ ಟಕ್ ಟಕ್ ಅಂತ ಬಡಿಯುತ್ತ ಕೂತಿದ್ದ. ನನ್ನನ್ನು ನೋಡಿ ಕೇಳಿದ: "ಅಕ್ಕಾರ, ಇನ್ನ ಇಲ್ಲಿ ಹೊಡದ್ರ ನೋಯಂಗಿಲ್ಲ, ಹೌದಲ್ರಿ?"

ಖುಷಿಯಿಂದಲೇ ಕೇಳಿದ. "ಇಲ್ಲಪ್ಪ, ನೋಯಂಗಿಲ್ಲ" ಅಂದೆ. ಇಂಜೆಕ್ಷನ್ ಟ್ರೇ ಎತ್ತಿಕೊಂಡು ಪಕ್ಕದ ಬೆಡ್ಡಿಗೆ ಹೋದೆ.

ಅವನು ಎಲ್ಲ ಹೇಳಿದ್ದ. ಇನ್ನು ಹೇಗೆ ಹೇಳಬೇಕು ಒಂದು ಮಗು? ಕೇಳಿಸಿಕೊಂಡವಳು ನಾನೊಬ್ಬಳೇ.

ನಾಲ್ಕು ವಾರ ಬಿಟ್ಟು ಪ್ಲಾಸ್ಟರ್ ಬಿಚ್ಚಲು ಬನ್ನಿ ಅಂದಿದ್ದೆವು. ಬರಲಿಲ್ಲ. ರಿಜಿಸ್ಟರಿನಲ್ಲಿ ಬರೀ ಊರ ಹೆಸರು ಇತ್ತು. ಆ ಊರಿನ ಆರೋಗ್ಯ ಸಹಾಯಕಿ, ಎ.ಎನ್.ಎಂ. ಹತ್ತಿರ ವಿಚಾರಿಸಿದರೆ ಅಂಥವರು ಯಾರೂ ಇಲ್ಲಿಲ್ಲ ಅಂದಳು. ಅಲ್ಲಿಗೆ ಮುಗಿಯಿತು. ಅವನು ಏನಾದ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋಗುತ್ತಿದ್ದೆವಲ್ಲ, ನೀವೆಲ್ಲ ನಂದಿಕೋಲು ನೋಡುತ್ತಿದ್ದಿರಿ. ನಾನು ಹುಡುಗರ ಎಡಗೈ ನೋಡುತ್ತಿದ್ದೆ. ಅವನಿಗೆ ಈಗ ನಿನ್ನ ಹಾಗೇ ಇಪ್ಪತ್ತೇಳು. ಬಸ್ಸಿನಲ್ಲಿ ಆ ವಯಸ್ಸಿನ ಯಾರಾದರೂ ತೋಳು ಮಡಚಿ ನಿಂತಿದ್ದರೆ ಈಗಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಅವತ್ತಿನಿಂದ ಮನೆಯಲ್ಲಿ ನಾನು ಬೇರೆಯೇ ಆದೆ. ನಿನಗೆ ಅದು ನೆನಪಿದೆ ಅಂತ ನನಗೆ ಗೊತ್ತು. ಸ್ನಾನ ಮಾಡಿಸುವಾಗ ದಿನಾ ನಿನ್ನ ಕಿವಿಯ ಹಿಂದೆ, ಬೆನ್ನು, ತೊಡೆ ಎಲ್ಲ ಹುಡುಕುತ್ತಿದ್ದೆ. ಆಡುವ ಮಕ್ಕಳಿಗೆ ಮೊಣಕಾಲು, ಮೊಣಕೈಗೆ ಪೆಟ್ಟಾಗುವುದು ಇದ್ದದ್ದೇ. ಕಿವಿಗೆ, ಹೊಟ್ಟೆಗೆ ಆದರೆ ಕೇಳಬೇಕು. ಹೀಗೆ ಆಸ್ಪತ್ರೆಯ ಕಣ್ಣನ್ನೇ ಮನೆಯ ಬಚ್ಚಲಿಗೂ ತಂದುಬಿಟ್ಟಿದ್ದೆ. ಎಂಟನೇ ವರ್ಷಕ್ಕೆ ನೀನು ಕೇಳಿದೆ, "ಅವ್ವ, ನಾ ಏನರ ಕಳುವು ಮಾಡೇನೇನು, ಹಿಂಗ ತಪಾಸಣೆ ಮಾಡ್ತೀ?" ಅಂತ. ಮಾರನೇ ದಿನದಿಂದ ಬಾಗಿಲು ಹಾಕಿಕೊಂಡು ನೀನೇ ಸ್ನಾನ ಮಾಡಿದೆ.

ಕಾಕಾನ ವಿಷಯ ಇನ್ನೂ ಕೆಟ್ಟದ್ದು. ಅವರು ಇಂಡಿಯಿಂದ ಬರುವಾಗೆಲ್ಲ ಚೀಲದ ತುಂಬ ನಿಂಬೆಹಣ್ಣು ತರುತ್ತಿದ್ದರು. ಬಂದ ಕೂಡಲೇ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯೆಲ್ಲ ಸುತ್ತುತ್ತಿದ್ದರು. ಒಂದು ದಿನ, ಮನೆ ತುಂಬ ಮಂದಿ ಇದ್ದಾಗ, "ಮೊದಲ ಆಕಿನ್ನ ಕೆಳಗ ಇಳಸ್ರಿ" ಅಂತ ಚೀರಿಬಿಟ್ಟೆ. ಅವರ ಮುಖ ಕಪ್ಪಾಯಿತು. ನಿನ್ನನ್ನು ಮೆಲ್ಲಗೆ ಇಳಿಸಿದರು. ಊಟಕ್ಕೂ ನಿಲ್ಲಲಿಲ್ಲ. ಆಮೇಲೆ ನಿಂಬೆಹಣ್ಣು ಬಸ್ಸಿನ ಕಂಡಕ್ಟರ್ ಕೈಲಿ ಬರುತ್ತಿತ್ತು. ಅವರು ಬರಲಿಲ್ಲ. ಅವರು ಏನೂ ಮಾಡಿರಲಿಲ್ಲ ಮಗಳೇ. ಆ ಹುಡುಗನ ಮನೆಯವರ ಮೇಲೆ ಬರಬೇಕಾದ ಸಿಟ್ಟನ್ನು ಇವರ ಮೇಲೆ ಹಾಕಿದೆ.

ಇದಕ್ಕೆಲ್ಲ ಒಂದು ಹೆಸರಿದೆ ಅಂತ ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಕೇಳಿದೆ. ಪೆಟ್ಟು ತಿಂದವರನ್ನು ನೋಡಿಕೊಳ್ಳುವವರಿಗೂ ಆ ಪೆಟ್ಟು ಅಂಟುತ್ತದಂತೆ. ನಿದ್ದೆ ಹೋಗುತ್ತದೆ, ಯಾರ ಮೇಲೂ ನಂಬಿಕೆ ಬರುವುದಿಲ್ಲ, ಸಣ್ಣದಕ್ಕೂ ಸಿಡುಕು, ಇಲ್ಲವೇ ನಿನ್ನ ಹಾಗೆ ಏನೂ ಅನಿಸದೆ ಮರಗಟ್ಟಿಹೋಗುತ್ತದೆ. ಅವತ್ತು ಆ ತರಬೇತಿ ಕೋಣೆಯಲ್ಲಿ ನಾನು ತಲೆ ಎತ್ತಲಿಲ್ಲ. ನನ್ನ ಮನೆಯ ಕಥೆಯನ್ನೇ ಯಾರೋ ಓದಿ ಹೇಳಿದ ಹಾಗಿತ್ತು.

ನೀನು ಹೋದ ಸಲ ಬಿಟ್ಟುಹೋದ ದಪ್ಪ ಪುಸ್ತಕ ತೆಗೆದು ನೋಡಿದೆ, ನೀನು ಹಳದಿ ಗೆರೆ ಎಳೆದ ಕಡೆ. 1946ರಲ್ಲಿ ಜಾನ್ ಕ್ಯಾಫಿ ಅನ್ನುವ ಅಮೆರಿಕದ ಡಾಕ್ಟರು ಆರು ಕೂಸುಗಳ ಬಗ್ಗೆ ಬರೆದರಂತೆ. ತಲೆಯೊಳಗೆ ರಕ್ತ, ಕೈಕಾಲಿನ ಎಲುಬು ಮುರಿದದ್ದು, ಕಾರಣ ಮಾತ್ರ ತಿಳಿಯದು. ಇದು ಹೊಡೆತವೇ ಅಂತ ಹೆನ್ರಿ ಕೆಂಪಿ ಮತ್ತು ಜೊತೆಯವರು ಗಟ್ಟಿಯಾಗಿ ಹೇಳಿದ್ದು 1962ರಲ್ಲಿ. ನಡುವೆ 16 ವರ್ಷ! ಹೆತ್ತವರೇ ಹೀಗೆ ಮಾಡಬಹುದು ಅಂದರೆ ಕಲಿತ ಡಾಕ್ಟರುಗಳಿಗೇ ನಂಬಲು ಮನಸ್ಸು ಬರಲಿಲ್ಲ. ನಮ್ಮ ಸರ್ಕಾರದ ಇಲಾಖೆಯೇ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ವರದಿ ಕೊಟ್ಟಿತು. ಮೂವರಲ್ಲಿ ಇಬ್ಬರು ಪೆಟ್ಟು ತಿಂದವರು. ಶೇಕಡ 53 ಮಕ್ಕಳು ಯಾವುದಾದರೂ ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಅಂದರೆ ನನ್ನ ವಾರ್ಡಿನಲ್ಲಿ ಆ ಹುಡುಗ ಒಬ್ಬನೇ ಇರಲಿಲ್ಲ. ಉಳಿದವರನ್ನು ನಾನು ಕಾಣಲೇ ಇಲ್ಲ.

ನಿನ್ನ ಕಾಲ ಸ್ವಲ್ಪ ಬೇರೆ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಹೊಡೆತ, ಸುಟ್ಟ ಗಾಯಕ್ಕೆ ಪೊಲೀಸರಿಗೆ ತಿಳಿಸುವ ಎಂ.ಎಲ್.ಸಿ. ದಾಖಲೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ನೀನು ಎಂ.ಎಲ್.ಸಿ. ಮಾಡಿಸಿದ್ದೀ, ನಿನ್ನ ಯುನಿಟ್ಟಿನ ಮೇಡಂಗೆ ತಿಳಿಸಿದ್ದೀ. ನಾನು ಮಾಡದೇ ಬಿಟ್ಟದ್ದನ್ನು ನೀನು ಮಾಡಿದೆ. ನಮ್ಮ ಕಾಲದಲ್ಲಿ "ನಮಗ್ಯಾಕ ಬೇಕು, ನಾಳೆ ಕೋರ್ಟಿಗೆ ಯಾರು ಅಲೀಬೇಕು" ಅನ್ನುವ ಮಾತೇ ದೊಡ್ಡದಾಗಿತ್ತು.

ಕಾಯ್ದೆ ಬಂದ ಮೇಲೂ ಮನಸ್ಸಿನ ಭಾರ ಕಮ್ಮಿ ಆಗಲಿಲ್ಲ, ಅದನ್ನೂ ಹೇಳಬೇಕು. ದೌರ್ಜನ್ಯಕ್ಕೆ ಸಿಕ್ಕ ಮಗುವಿನ ವೈದ್ಯಕೀಯ ಪರೀಕ್ಷೆ ಮಾಡುವಾಗ ಹೆತ್ತವರು ಅಥವಾ ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು, ಯಾರೂ ಇಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಹೆಂಗಸನ್ನು ನೇಮಿಸಬೇಕು. ಒಂದು ಸಲ ಹಾಗೆ ನನ್ನನ್ನು ಕರೆದರು. ಪುಟ್ಟ ಹುಡುಗಿ. ನಾನು ತಲೆಯ ಹತ್ತಿರ ನಿಂತು ಕೈ ಹಿಡಿದುಕೊಂಡಿದ್ದೆ. ಅವಳು ನನ್ನ ಬಳೆ ಎಣಿಸುತ್ತಿದ್ದಳು. ನಾಲ್ಕೇ ಬಳೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದರಿಂದ. ಡಾಕ್ಟರಮ್ಮ "ಮುಗೀತು ಪುಟ್ಟಿ" ಅನ್ನುವ ತನಕ ಎಣಿಸಿದಳು. ನನ್ನ ಕೈ ಯಾಕೆ ಬೋಳಾಗಿದೆ ಅಂತ ಕೇಳುತ್ತಿದ್ದೆಯಲ್ಲ, ಆ ರಾತ್ರಿ ತೆಗೆದಿಟ್ಟೆ.

ಸುಟ್ಟ ಕೂಸಿನ ತಾಯಿಯ ಮುಖ ನೋಡಲಿಕ್ಕೆ ಆಗುತ್ತಿಲ್ಲ, ಗಂಟಲು ಹಿಡಿಯಬೇಕು ಅನಿಸುತ್ತದೆ ಅಂತ ನೀನು ಅಂದೆ. ಅನಿಸುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಯಾರು ಮಾಡಿದರು ಅನ್ನುವುದು ನಿನಗೆ ಗೊತ್ತಿಲ್ಲ. ಅವಳೂ ಮನೆಯಲ್ಲಿ ಹೊಡೆತ ತಿನ್ನುವವಳಿರಬಹುದು. ನನ್ನ ಮೊದಲ ವರ್ಷದಲ್ಲೇ ಹತ್ತು ದಿನದ ಕೂಸು ಬಂದಿತ್ತು, ಹೊಟ್ಟೆಯ ಮೇಲೆ ಸಾಲಾಗಿ ಐದು ಬರೆ. ನನ್ನ ರಕ್ತ ಕುದಿಯಿತು. ಬರೆ ಹಾಕಿದ್ದು ಅಜ್ಜಿ. ಹೊಟ್ಟೆ ಉಬ್ಬಿದೆ, ಬರೆ ಹಾಕಿದರೆ ಇಳಿಯುತ್ತದೆ ಅಂತ ಬಳೆಚೂರು ಕಾಸಿ ಇಟ್ಟಿದ್ದಳು. ವಾರ್ಡಿನ ಹೊರಗೆ ಎರಡು ದಿನ ಅನ್ನ ಮುಟ್ಟದೆ ಕೂತದ್ದೂ ಅವಳೇ. ಕೂಸಿಗೆ ಉರಿ ಮಾತ್ರ ಒಂದೇ. ನಮ್ಮ ಹಿರಿಯ ಸಿಸ್ಟರ್ ಮೊದಲು ಆ ಅಜ್ಜಿಗೆ ಚಹಾ ಕೊಟ್ಟರು, ಆಮೇಲೆ ಪಕ್ಕದಲ್ಲಿ ಕೂತು ಅರ್ಧ ತಾಸು ಬುದ್ಧಿ ಹೇಳಿದರು. ಆ ಮನೆಯ ಮುಂದಿನ ಕೂಸನ್ನು ಹೊಟ್ಟೆ ಉಬ್ಬಿದ ದಿನವೇ ಆಸ್ಪತ್ರೆಗೆ ತಂದರು. ಇದು ನಿನ್ನ ಕೂಸಿನ ಕಥೆಗೆ ಹೊಂದುವುದಿಲ್ಲ, ನನಗೆ ಗೊತ್ತು. ಆದರೂ ಆ ತಾಯಿಗೆ ಒಂದು ಕುರ್ಚಿ ಕೊಡು. ದನಿ ಏರಿಸದೆ ಮಾತಾಡು. ಅವಳು ಹೆದರಿ ರಾತ್ರೋರಾತ್ರಿ ಕೂಸನ್ನು ಎತ್ತಿಕೊಂಡು ಹೋದರೆ, ಆಮೇಲೆ ನೀನೂ ಜಾತ್ರೆಯಲ್ಲಿ ಕಾಲು ಹುಡುಕುತ್ತ ತಿರುಗುತ್ತೀ. ಕಂಡದ್ದನ್ನು ಕಂಡ ಹಾಗೆ ಬರೆ. ಯಾರು, ಯಾಕೆ ಅನ್ನುವುದನ್ನು ಹುಡುಕಲು ಬೇರೆಯವರಿದ್ದಾರೆ.

ಮತ್ತೆ, ಇದನ್ನು ಒಳಗೇ ಇಟ್ಟುಕೊಳ್ಳಬೇಡ. ನಾನು ಇಟ್ಟುಕೊಂಡೆ. ನಿನ್ನಪ್ಪನಿಗೂ ಹೇಳಲಿಲ್ಲ. ಮನೆಗೆ ಬಂದು ಇಂಥ ಮಾತು ಆಡಬಾರದು, ಮಗಳ ಕಿವಿಗೆ ಬೀಳಬಾರದು ಅಂದುಕೊಂಡೆ. ಮಾತು ನಿನ್ನ ಕಿವಿಗೆ ಬೀಳಲಿಲ್ಲ. ನನ್ನ ಕೈ, ನನ್ನ ಕಣ್ಣು, ನನ್ನ ಸಿಟ್ಟು ದಿನಾ ನಿನ್ನ ಮೇಲೆ ಬಿದ್ದವು. ನಿನ್ನ ಯುನಿಟ್ಟಿನ ಮೇಡಂ ಹತ್ತಿರ ಒಂದು ಹತ್ತು ನಿಮಿಷ ಕೇಳು, ಕೇಸಿನ ಬಗ್ಗೆ ಅಲ್ಲ, ನಿನ್ನ ಬಗ್ಗೆ ಮಾತಾಡಲು. ಅವರೂ ಇಂಥದ್ದು ಎಷ್ಟು ನುಂಗಿದ್ದಾರೋ. ರಾತ್ರಿ ಎರಡಕ್ಕೆ ಎಚ್ಚರಾಗಿ ಎದೆ ಹೊಡೆದುಕೊಂಡರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರೋಗಿಗಳಿಗೆ ಆ ನಂಬರ್ ಬರೆದುಕೊಡುವ ಡಾಕ್ಟರು ತಾನೂ ಒಮ್ಮೆ ಒತ್ತಬಹುದು, ಅಲ್ವಾ? ಅಥವಾ ನನಗೆ ಮಾಡು. ಈ ಸಲ ಉಂಡು ಮಲಗು ಅನ್ನುವುದಿಲ್ಲ.

ನಿನ್ನೆ ಕಾಕಾಗೆ ಫೋನ್ ಮಾಡಿದೆ. ಇಪ್ಪತ್ತೆರಡು ವರ್ಷದ ಮೇಲೆ. ಹಬ್ಬಕ್ಕೆ ಮದುವೆಗೆ ಎದುರಾದಾಗ "ಆರಾಮ್ರಿ?" ಅಂದದ್ದು ಬಿಟ್ಟರೆ ಮಾತೇ ಇರಲಿಲ್ಲ. ಆ ಹುಡುಗ, ಪ್ಲಾಸ್ಟರ್, ಚಮಚ, ಎಲ್ಲ ಹೇಳಿದೆ. ಅವತ್ತು ಯಾಕೆ ಚೀರಿದೆ ಅನ್ನುವುದನ್ನೂ ಹೇಳಿದೆ. ಆ ಕಡೆ ಬಹಳ ಹೊತ್ತು ಸುಮ್ಮನಿದ್ದರು. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ಇಷ್ಟ ದಿನ ನಾ ಏನ ತಪ್ಪ ಮಾಡೀನಿ ಅಂತ ವಿಚಾರ ಮಾಡ್ತಿದ್ದೆ ವೈನಿ" ಅಂದರು. ಇಬ್ಬರೂ ಅತ್ತೆವು.

ಶನಿವಾರ ಮುಂಜಾನೆಯ ಬಸ್ಸಿಗೆ ನಾವಿಬ್ಬರೂ ಬೆಳಗಾವಿಗೆ ಹೊರಡುತ್ತೇವೆ. ಜಮಖಂಡಿ, ಮುಧೋಳ ದಾಟಿ ಬರುವಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ. ಕಾಕಾ ನಿಂಬೆಹಣ್ಣು ತರುತ್ತಾರಂತೆ. ಡ್ಯೂಟಿ ಇದ್ದರೆ ಅವಸರ ಮಾಡಬೇಡ, ಕೂಸನ್ನು ನೋಡಿಕೊಂಡು ನಿಧಾನಕ್ಕೆ ಬಾ. ನಿನ್ನ ಹಾಸ್ಟೆಲಿನ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇವೆ.

ನಿನ್ನ ಅವ್ವ
ವಿಜಯಪುರ